ಕೇಳಿದ್ದು ನೆನಪು, ಅಮ್ಮ ಕೊಟ್ಟದ್ದು ಬೇರೆ

ಐವತ್ತೆರಡನೇ ವಯಸ್ಸಿಗೆ ನನ್ನ ತಲೆಯ ಮೇಲೆ ನನಗೇ ನಂಬಿಕೆ ಹೋಯಿತು. ಮಾರಮ್ಮನನ್ನು ನಂಬುವ ನಿಮಗೆಲ್ಲ ಇದನ್ನು ಬರೆಯಲು ಕೂತಾಗಲೂ, ಇದರಲ್ಲಿ ನನ್ನ ನೆನಪು ಎಷ್ಟು, ಹೆಂಡತಿ ಹೇಳಿದ್ದು ಎಷ್ಟು ಎಂಬುದು ಖಚಿತವಿಲ್ಲ. ಖಚಿತವಿಲ್ಲದ ಕಡೆ ಹಾಗೆಂದೇ ಬರೆಯುತ್ತೇನೆ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಹೆಂಡತಿ ಸಾವಿತ್ರಿ ಗುಡಿಯೊಳಗೆ ಹೋದರೆ ಹೊರಗೆ ಚಪ್ಪಲಿ ಕಾಯುತ್ತ ನಿಲ್ಲುತ್ತಿದ್ದವನು. ಮನೆ ಮಂಡ್ಯದಲ್ಲಿ, ಕೆಲಸ ಮದ್ದೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ. ಹದಿನಾಲ್ಕು ವರ್ಷದಿಂದ ಅಲ್ಲಿನ ಕಂಪ್ಯೂಟರುಗಳೆಲ್ಲ ನನ್ನ ಜವಾಬ್ದಾರಿ.

ನನ್ನ ಅವ್ವ ಕೊನೆಯ ವರ್ಷಗಳಲ್ಲಿ ನನ್ನನ್ನೇ "ಯಾರ ಮಗನಪ್ಪ ನೀನು, ಉಂಡ್ಯಾ?" ಎಂದು ಕೇಳುತ್ತಿದ್ದಳು. ಹೋದ ವರ್ಷದಿಂದ ನನಗೂ ಹೆಸರುಗಳು ಜಾರತೊಡಗಿದವು. ಮಂಡ್ಯದ ವೈದ್ಯರೊಬ್ಬರು ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಎರಡು ಬಂದವು. ತಲೆಯ ಚಿತ್ರ, ರಕ್ತಪರೀಕ್ಷೆ ಎಲ್ಲ ಬರೆದುಕೊಟ್ಟರು.

ಅದೇ ವಾರ ಆಸ್ಪತ್ರೆಯ ಸ್ಕ್ಯಾನ್ ಕೋಣೆಯ ಸರ್ವರ್ ಸುಟ್ಟುಹೋಯಿತು. ಆ ಸ್ಕ್ಯಾನ್ ಯಂತ್ರ ಹಳೆಯದು. ಅದರ ಚಿತ್ರಗಳನ್ನು ತೋರಿಸುವ ತಂತ್ರಾಂಶ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮಾತ್ರ ಓಡುತ್ತದೆ. ಅದೇ ಕಾಲದ ಸೆಕೆಂಡ್ ಹ್ಯಾಂಡ್ ಸರ್ವರ್ ಒಂದನ್ನು ತರಿಸಿದರು. ಅದಕ್ಕೆ ಆ ಹಳೆಯ ಸಿಸ್ಟಂ ಹಾಕಬೇಕು. ಹಿಂದೆ ಎಷ್ಟೋ ಸಲ ಮಾಡಿದ ಕೆಲಸ. ಆದ್ದರಿಂದಲೇ ನಾನು ಒಳಗೊಳಗೇ ಪಣ ಕಟ್ಟಿಕೊಂಡೆ: ಇದು ಬಂದರೆ ನನ್ನ ತಲೆ ಸರಿಯಿದೆ, ಬಾರದಿದ್ದರೆ ನಾನು ಅವ್ವನ ದಾರಿ ಹಿಡಿದಿದ್ದೇನೆ.

ಮೊದಲ ಸಲ ಪರದೆಯ ಮೇಲೆ ಬಂದದ್ದು, ಡಿಸ್ಕೇ ಇಲ್ಲ ಎಂಬ ಸಂದೇಶ. ಡಿಸ್ಕ್ ಇತ್ತು. ಹಳೆಯ ಸಿಸ್ಟಂಗೆ ಅದನ್ನು ಪರಿಚಯ ಮಾಡಿಕೊಡುವ ಡ್ರೈವರ್ ಬೇಕು, ಅದು ಫ್ಲಾಪಿಯಲ್ಲಿದೆ, ಅದನ್ನು ಓದಿಸಲು ಶುರುವಿನಲ್ಲೇ ಕೀಬೋರ್ಡಿನ ಒಂದು ಕೀಲಿ ಒತ್ತಬೇಕು. ಅಷ್ಟು ನೆನಪಾಯಿತು. ಒತ್ತಿದೆ. ಏನೂ ಆಗಲಿಲ್ಲ. ಪರದೆಯ ಮೇಲೆ ಕಡತಗಳ ಹೆಸರುಗಳು ಸುಮ್ಮನೆ ಸರಿಯುತ್ತಿದ್ದವು. ಸರಿಯಾಗಿ ಒತ್ತಲಿಲ್ಲವೇನೋ ಎಂದು ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಅದೇ. ಎಷ್ಟು ಸಲವಾಯಿತೆಂದು ಬರೆದಿಡೋಣವೆಂದು ನೋಟ್‌ಬುಕ್ ತೆರೆದರೆ, ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಆರು ಸಾಲು: "ಒತ್ತಿದೆ. ಏನೂ ಆಗಲಿಲ್ಲ." ಒಂದನ್ನೂ ಬರೆದ ನೆನಪಿರಲಿಲ್ಲ. ಕುರ್ಚಿ ಹಿಡಿದುಕೊಂಡು ಕೂತೆ.

ಮೂರನೇ ದಿನ ಮ್ಯಾನೇಜರ್ ಬಾಗಿಲಲ್ಲಿ ನಿಂತರು. "ಸಾರ್, ಸ್ಕ್ಯಾನ್‌ಗೆ ಬಂದೋರ್ನೆಲ್ಲ ಮಂಡ್ಯಕ್ಕೆ ಕಳಿಸ್ತಾ ಇದೀವಿ. ನಿಮ್ ಕೈಲಾಗಲ್ಲ ಅಂದ್ರೆ ಆಗಲ್ಲ ಅನ್ನಿ, ಬೇರೆಯೋರ್ನ ಕರೀತೀವಿ." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಹೆಚ್ಚು ಉರಿಯಿತು.

ಸಾವಿತ್ರಿಯ ತವರು ಬಂಡೂರಿನ ಕಡೆ. ಭಾನುವಾರ ಅವಳು ಪಟ್ಟು ಹಿಡಿದಳು. "ಬನ್ನಿ ಸುಮ್ಕೆ. ಅಮ್ಮನ್ತಾವ ಹೂ ಕೇಳಾನ. ನಿಮ್ ಎಮ್ಮೆಸ್ಸಿ ಏನ್ ಸವೆದೋಗಕಿಲ್ಲ." ಮಳವಳ್ಳಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಬಸ್ಸಿನಲ್ಲಿ ಕೂತಿದ್ದೆವೆಂದು ನನಗೆ ನೆನಪು. ಪೂರಾ ನಿಂತೇ ಹೋದೆವೆಂದು ಅವಳು ಹೇಳುತ್ತಾಳೆ.

ಮಾರಮ್ಮನ ಗುಡಿಯಲ್ಲಿ ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ.

"ಏನ್ ಕೇಳ್ಬೇಕು ಸ್ವಾಮಿ?"

"ಒಂದು ಕಂಪ್ಯೂಟರ್ ಕೆಲಸ. ಹಳೆಯ ಸಿಸ್ಟಂ..."

"ಅಮ್ಮಂಗೆ ಅರ್ತ ಆಗಂಗೆ ಯೋಳಿ."

ಕಂಪ್ಯೂಟರಿನ ಮಾತು ಬಿಟ್ಟೆ. "ನನ್ನ ನೆನಪು ನನಗೆ ವಾಪಸ್ ಕೊಡ್ತಾಳಾ ಕೇಳಿ" ಎಂದೆ. ಅಷ್ಟು ಮನಸ್ಸಿಟ್ಟು ನಾನು ಯಾರನ್ನೂ ಏನನ್ನೂ ಬೇಡಿರಲಿಲ್ಲ.

ಹೂ ಅಲುಗಲಿಲ್ಲ. ಹಿಂದೆ ನಿಂತಿದ್ದವನೊಬ್ಬ, "ಬಿರ್ನೆ ಬುಡಣ್ಣೋ, ನಂದು ಕುರಿ ಕಾಯ್ಲೆದು ಕೇಳ್ಬೇಕು" ಎಂದ. ಪೂಜಾರಿ ನನ್ನನ್ನು ಪಕ್ಕಕ್ಕೆ ಕೂರಿಸಿ, ಬೇರೆ ಹೂ ಇಟ್ಟು ಅವನ ಪ್ರಶ್ನೆ ಕೇಳಿದ. ಇಟ್ಟ ಗಳಿಗೆಯಲ್ಲೇ ಬಲಗಡೆಯ ಹೂ ಬಿತ್ತು. ಕುರಿಗೆ ಉತ್ತರ ಸಿಕ್ಕಿತು! ನನ್ನ ಪ್ರಶ್ನೆಗೆ ಮತ್ತೆ ಹೂ ಇಟ್ಟ. "ಕೂತ್ಕಳಿ ಒಸಿ ವೊತ್ತು, ಯಾಕ್ ಅವಸ್ರ?" ಎಂದ ಪೂಜಾರಿಯ ಮಾತು ಮುಗಿಯುವ ಮೊದಲೇ ಎದ್ದು ಹೊರಗೆ ಬಂದೆ. ನಾನು ಎದ್ದ ಮೇಲೆ ಬಲಗಡೆಯದು ಬಿತ್ತೆಂದು ಸಾವಿತ್ರಿ ಬಂದು ಹೇಳಿದಳು. ಸಮಾಧಾನಕ್ಕೆ ಹೇಳುತ್ತಿದ್ದಾಳೆಂದುಕೊಂಡು ಆಟೋ ಕಡೆ ನಡೆದುಬಿಟ್ಟೆ.

ಸೋಮವಾರ ರಾಜೀನಾಮೆ ಪತ್ರ ಜೇಬಿನಲ್ಲಿಟ್ಟುಕೊಂಡೇ ಹೋದೆ. ಮತ್ತೆ ಒತ್ತಿದೆ, ಆರಿಸಿದೆ, ಹಚ್ಚಿದೆ. ಕೋಣೆ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ ನೋಡುತ್ತಿದ್ದಳು.

"ಯಾಕ್ ಸಾ, ಅದ್ನ ಆರ್ಸಿ ಆರ್ಸಿ ಅಚ್ತಾ ಇದ್ದೀರಿ?"

"ಒತ್ತಿದರೆ ಏನೂ ಆಗ್ತಿಲ್ಲ."

"ಒತ್ತಿದೇಟ್ಗೆ ಎಲ್ಲಾದಾತು? ಮುಂಚೆ ನೀವು ಒತ್ಬುಟ್ಟು ಟೀ ಕುಡಿಯಾಕ್ ಓಯ್ತಿದ್ರಿ. ಇದು ನಿದಾನುಕ್ಕೆ ಕೇಳ್ತದೆ ಕಣಮ್ಮ, ಅಲ್ಲೀಗಂಟ ಯಾರ್ನೂ ಮುಟ್ಟಾಕ್ ಬುಡ್ಬ್ಯಾಡ ಅಂತ ನನ್ನ ಬಾಗ್ಲಲ್ಲಿ ಕೂರುಸ್ತಿದ್ರಿ. ಈಗ್ಲೂ ಓಗಿ, ನಾನ್ ಕೂತ್ಕತೀನಿ."

ಟೀಗೆ ಹೋಗಲಿಲ್ಲ. ಕೀಲಿ ಒತ್ತಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತೆ. ಅವಳು ಸ್ಟೂಲ್ ಎಳೆದುಕೊಂಡು ಸ್ವಿಚ್ಚಿಗೆ ಅಡ್ಡ ಕೂತಳು. ಹೆಸರುಗಳು ಸರಿದವು, ಇನ್ನೂ ಸರಿದವು. ಆರಿಸಬೇಕೆಂದು ಎರಡು ಸಲ ಏಳಹೋದೆ. "ಕೂತ್ಕಳಿ ಸಾ" ಎಂದಳು. ಆಮೇಲೆ ಪರದೆ ನೀಲಿಯಾಗಿ, ಡ್ರೈವರ್ ಇರುವ ಫ್ಲಾಪಿ ಹಾಕಿ ಎಂದು ಕೇಳಿತು. ಹಾಕಿದೆ. ಡಿಸ್ಕ್ ಕಾಣಿಸಿತು. ಸಂಜೆಯೊಳಗೆ ಸ್ಕ್ಯಾನ್ ಚಿತ್ರಗಳು ಬಂದವು.

ಪಣ ಗೆದ್ದೆನೇ? ಇಲ್ಲ. ಅವಳು ಹೇಳಿದ ಆ ಟೀ, ಆ ಬಾಗಿಲು, ಆ ಮಾತು, ಯಾವುದೂ ನನಗೆ ಇಂದಿಗೂ ನೆನಪಾಗಿಲ್ಲ. ಮರುವಾರ ಮಂಡ್ಯದ ವೈದ್ಯರು ವರದಿ ನೋಡಿ, ಮರೆವಿನ ಕಾಯಿಲೆ ಶುರುವಾಗಿದೆ ಎಂದರು. ಅದನ್ನು ಕೇಳಿ ಅಮ್ಮನ ಮೇಲೆ ಸಿಟ್ಟು ಬಂತು. ಸಿಟ್ಟು ಬರಬೇಕಾದರೆ ಅಲ್ಲಿ ಯಾರೋ ಇರಬೇಕಲ್ಲ ಎಂಬುದು ಮದ್ದೂರಿಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ಅಂದಿನಿಂದ ಚಪ್ಪಲಿ ಹೊರಗೆ ಬಿಟ್ಟು ನಾನೂ ಒಳಗೆ ಹೋಗುತ್ತೇನೆ. ಬೇಡಿದ್ದು ನನ್ನ ನೆನಪನ್ನು. ಅಮ್ಮ ಕೊಟ್ಟದ್ದು, ನನ್ನನ್ನು ನೆನಪಿಟ್ಟುಕೊಂಡಿದ್ದ ಒಬ್ಬ ಹೆಂಗಸನ್ನು. ಹದಿನಾಲ್ಕು ವರ್ಷ ನಾನು ಆಕೆಯ ಮುಖ ನೋಡಿ ಮಾತಾಡಿದ್ದು ಕಡಿಮೆ.

ನಿನ್ನೆ ಅವಳಿಗೆ ಕೈಮುಗಿದು, "ನಿಮ್ಮ ಹೆಸರೇನಮ್ಮ?" ಎಂದೆ.

ಅವಳು ನಗಲಿಲ್ಲ. "ನಿಂಗಮ್ಮ ಅಂತ ಸಾ. ಬೆಳಿಗ್ಗೇನೂ ಕೇಳುದ್ರಿ. ಎಷ್ಟ್ ಸತಿ ಕೇಳುದ್ರೂ ಯೋಳ್ತೀನಿ ಬುಡಿ."

ಅಮ್ಮಾ, ಇಷ್ಟು ಸಾಕೆನ್ನಲು ನನಗೆ ಬಾಯಿ ಬರುವುದಿಲ್ಲ, ಸಾಲದು. ಆದರೂ ಕೊಟ್ಟದ್ದಕ್ಕೆ ಕೈ ಮುಗಿದಿದ್ದೇನೆ.