ಮುತ್ತೈದೆಯ ಕಣ

ಅಕ್ಕ ಹೋಗಿ ವರ್ಷ ತುಂಬುವ ಹೊತ್ತಿಗೆ ಮತ್ತೆ ಅದೇ ಚಳಿ ಬಂತು. ಮಾಕಳಿ ಕಡೆಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಬಹಳ ಹೊತ್ತು ಮಂಜು ಕದಲುತ್ತಿರಲಿಲ್ಲ. ತುಮಕೂರು ರಸ್ತೆಯ ಲಾರಿಗಳು ಕಾಣುತ್ತಿರಲಿಲ್ಲ, ಕೇಳಿಸುತ್ತಿದ್ದವು ಅಷ್ಟೆ. ನಮ್ಮದು ಶೀಟಿನ ಮನೆ. ಅಕ್ಕನ ಮಗಳು ನನ್ನ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದಳು. ಅವಳ ಸ್ವೆಟರಿನ ತೋಳು ಮೊಣಕೈವರೆಗೆ ಬಂದುಬಿಟ್ಟಿತ್ತು.

ಅಕ್ಕನ ಹೊಲಿಗೆ ಮಿಷನ್ ಗೋಡೆಯ ಪಕ್ಕ ಗೋಣಿಚೀಲ ಹೊದ್ದು ನಿಂತಿತ್ತು. ಅದರ ಕಬ್ಬಿಣದ ಕಾಲಿಗೇ ಅವಳ ತಲೆ ಬಡಿದದ್ದು. ಭಾವ ಜುಟ್ಟು ಹಿಡಿದು ಬಡಿದ. ನಾನು ಶವಾಗಾರದಲ್ಲಿ ಅವಳ ತಲೆಯ ಹಿಂಭಾಗ ನೋಡಿದ್ದೇನೆ. ಬಿದ್ದರೆ ಹಾಗಾಗುವುದಿಲ್ಲ. ಆದರೆ ಅವರ ಮನೆಯವರೆಲ್ಲ ‘ಬಿದ್ದಳು’ ಅಂದರು. ಅವರದು ತಮ್ಮ ಊರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲಿದೆ. ಬಾಡಿಗೆಯವರೂ ‘ಬಿದ್ದಳು’ ಅಂದರು. ಭಾವ ಕೆಲವು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಮಿಷನ್ ಅವರಿಗೆ ಬೇಡವಾಗಿ ನನ್ನ ಮನೆಗೆ ಬಂತು. ಮಗು ಮೊದಲ ದಿನದಿಂದಲೂ ನನ್ನ ಹತ್ತಿರವೇ ಇತ್ತು.

ಒಂದು ಬೆಳಿಗ್ಗೆ ಅಕ್ಕನ ಅತ್ತೆ ಬಂದರು. ಶಾಲಿನ ಒಳಗಿಂದ ಹಸಿರು ರವಿಕೆ ಕಣ ತೆಗೆದು ಚಾಪೆಯ ಮೇಲಿಟ್ಟರು.

“ವರ್ಸದ ಎಡೆ ಬಂತಲ್ಲವ್ವ. ಮುತ್ತೈದೆಯಾಗಿ ಓದೋಳು, ಪುಣ್ಯವಂತೆ. ಅಸ್ರು ಸೀರೆ, ಅಸ್ರು ಕುಪ್ಸ ಇಡ್ಬೇಕು. ಕುಪ್ಸ ತವರಿನ ಕೈಯಾಗೇ ಒಲೀಬೇಕು. ನಿಮ್ಮವ್ವ ಇಲ್ಲ, ಇನ್ಯಾರವ್ರೆ? ನೀನೇ ತವರು.”

ಗಂಡನಿಗಿಂತ ಮೊದಲು ಸತ್ತವಳು ಮುತ್ತೈದೆ. ಗಂಡನೇ ಕೊಂದರೂ ಮುತ್ತೈದೆಯೇ. ಇದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಮಗೀನೂ ಒಂದಿನ ಮುಂಚೆ ಬಂದು ಕರ್ಕೊಂಡೋಗ್ತೀವಿ,” ಅಂದರು ಅತ್ತೆ. “ಅಪ್ಪನ್ ಪಕ್ಕ ಕುಂತು ಎಡೆ ಇಡ್ಲಿ. ಆಮ್ಯಾಕೆ ಅಲ್ಲೇ ಇರ್ಲಿ. ಎಷ್ಟ್ ದಿನ ಅಂತ ಬ್ಯಾರೇರ್ ಮನ್ಯಾಗೆ ಬಿಡಾದು?”

“ನಾನ್ ಬೇರೆಯೋಳಾ ಅತ್ತೆ? ಈಗ ತಾನೆ ತವರು ಅಂದ್ರಿ.”

“ಗಂಡಸಿಲ್ದ ಮನೆ ಅಂದೆ ಕಣವ್ವ. ಕ್ವಾಪ ಮಾಡ್ಕಬ್ಯಾಡ.”

ಅವರು ಹೋದ ಮೇಲೆ ಗೋಣಿಚೀಲ ತೆಗೆದೆ. ಅಕ್ಕ ಸತ್ತ ಮೇಲೆ ನಾನು ಹೊಲಿಗೆ ಮುಟ್ಟಿರಲಿಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಬಹಳ ವರ್ಷ ಮಿಷನ್ ತುಳಿದವಳು ನಾನು, ಅದನ್ನೂ ಬಿಟ್ಟಿದ್ದೆ. ಅಲ್ಲಿ ಲೈನಿನಲ್ಲಿ ನನಗೆ ಕೊಟ್ಟ ಕೆಲಸ ಕಾಲರ್ ಒಂದೇ. ತೋಳು ಇನ್ನೊಬ್ಬಳದು, ಜೇಬು ಮತ್ತೊಬ್ಬಳದು. ಒಂದು ಇಡೀ ಅಂಗಿ ನನ್ನ ಕೈಯಲ್ಲಿ ಯಾವತ್ತೂ ಆಗಿರಲಿಲ್ಲ. “ಊರಿಗೆಲ್ಲ ಕುತ್ತಿಗೆ ಹೊಲ್ದಿದೀಯ ಕಣೇ, ಮೈ ಯಾವಾಗ ಹೊಲೀತೀಯ?” ಎಂದು ಅಕ್ಕ ರೇಗಿಸುತ್ತಿದ್ದಳು. ಅವಳು ಮನೆಯಲ್ಲೇ ಕೂತು ಇಡೀ ಓಣಿಯ ಹೆಂಗಸರ ಬಟ್ಟೆ ಹೊಲಿಯುತ್ತಿದ್ದವಳು.

ಅಳತೆಗೆಂದು ಅಕ್ಕನ ಹಳೆಯ ಬ್ಲೌಸು ಬಿಚ್ಚಿ ಹರಡಿದೆ. ಎಡ ಭುಜದ ಹೊಲಿಗೆಯ ಮೇಲೆ ಹೊಲಿಗೆ ಬಿದ್ದಿತ್ತು. ಒಂದು ಸಲ ಕಪ್ಪು ದಾರ, ಒಂದು ಸಲ ಕೆಂಪು, ಕೊನೆಗೆ ಬಿಳಿ. ಭಾವ ಅಲ್ಲೇ ಹಿಡಿದು ಎಳೆಯುತ್ತಿದ್ದ. ಅವಳು ಮರುದಿನ ಕೈಗೆ ಸಿಕ್ಕ ದಾರದಲ್ಲಿ ಹೊಲಿದುಕೊಳ್ಳುತ್ತಿದ್ದಳು. ಆ ಬ್ಲೌಸನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ. ಮಗುವಿನ ಅಂಗಿ ತಂದು ಹಸಿರು ಕಣದ ಮೇಲಿಟ್ಟೆ. ಬಟ್ಟೆ ಅಷ್ಟಗಲ ಇತ್ತು, ಮಗುವಿಗೊಂದು ಚಳಿ ಜಾಕೆಟ್ಟಿಗೆ ಸಾಕಾಯಿತು.

ಕತ್ತರಿ ಹಾಕುವಾಗ ಹಲ್ಲು ಕಚ್ಚಿಕೊಂಡಿದ್ದೆ. ಒಳಗೆ ಬೆಚ್ಚಗಿರಲಿ ಎಂದು ನನ್ನ ಹಳೆಯ ಉಣ್ಣೆ ಶಾಲನ್ನು ಹರಿದು ಒಳಪದರ ಕೊಟ್ಟೆ. ಚಳಿಗೆ ಬೆರಳು ಮರಗಟ್ಟಿತ್ತು. ಸೂಜಿ ಉಗುರಿನ ಮೇಲಿಂದ ಇಳಿದದ್ದು ರಕ್ತ ಕಂಡ ಮೇಲೆ ಗೊತ್ತಾಯಿತು. ಬೆರಳು ಚೀಪಿ ಮತ್ತೆ ತುಳಿದೆ. ಅವನ ಮುಖವೇ ಸೂಜಿಯ ಕೆಳಗಿದೆ ಅನ್ನುವ ಹಾಗೆ ತುಳಿದೆ. ಕಾಲರ್ ಮಾತ್ರ ಅಂಗಡಿಯದ್ದರ ಹಾಗೆ ಬಂತು. ತೋಳು ಮೊದಲು ಅದಲು ಬದಲಾಯಿತು. ಬಿಚ್ಚಿ ಮತ್ತೆ ಹಚ್ಚಿದರೆ ಮಗುವಿಗೆ ಕೈ ಎತ್ತಲು ಆಗಲಿಲ್ಲ. ಮೂರನೆಯ ಸಲ ಸುಸ್ತಾಗಿ ಕಂಕುಳಿನ ಹತ್ತಿರ ಒಂಟಿ ಹೊಲಿಗೆಗೇ ಬಿಟ್ಟೆ.

ಎಡೆಯ ಹಿಂದಿನ ದಿನ ಬೆಳಿಗ್ಗೆ ಕಾರು ಬಂತು. ಮಗು ಹಸಿರು ಜಾಕೆಟ್ ತೊಟ್ಟು ಬಾಗಿಲಲ್ಲಿ ಬಿಸಿಲಿಗೆ ಕೂತು ಉಪ್ಪಿಟ್ಟು ತಿನ್ನುತ್ತಿತ್ತು. ಅತ್ತೆ ಇಳಿದರು, ಹಿಂದೆ ಭಾವ.

“ಕುಪ್ಸ ಎಲ್ಲವ್ವ?”

“ಮಗು ಮೈ ಮೇಲಿದೆ ಅತ್ತೆ.”

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. “ಸತ್ತೋಳಿಗೆ ಅಂತ ತಂದಿದ್ದನ್ನ ಎಡೆಗಿಕ್ಕೋ ಮುಂಚೆ ಮಗೀಗಾಕಿದ್ಯಾ? ಬೆನ್ನತ್ತಿ ಬತ್ತಾಳೆ ಕಣೇ ಅವಳು.”

“ಮಗಳ ಹಿಂದೆ ತಾಯಿ ಬಂದ್ರೆ ಏನ್ ತಪ್ಪು?”

“ಇವಳ ಹತ್ರ ಏನವ್ವ ಮಾತು,” ಎಂದ ಭಾವ. ತಟ್ಟೆಯನ್ನು ಒದ್ದು ಮಗುವಿನ ಕೈ ಹಿಡಿದು ಎಳೆದ. ನಾನು ಮಗುವಿನ ಸೊಂಟ ಹಿಡಿದುಕೊಂಡೆ. ಮೊಣಕೈಯಿಂದ ನನ್ನ ಕಿವಿಗೆ ಹೊಡೆದ. ಕಣ್ಣು ಕತ್ತಲಾಯಿತು, ಬಿಡಲಿಲ್ಲ. ಅವನ ಮುಂಗೈ ಕಚ್ಚಿದೆ. ಬಾಯಿಗೆ ಉಪ್ಪು ರುಚಿ ಬಂತು. ಅವನು ಇನ್ನೊಂದು ಸಲ ಜಗ್ಗಿದ. ಜಾಕೆಟ್ಟಿನ ತೋಳು ಕಂಕುಳಿನಿಂದ ಪರ್ರನೆ ಕಿತ್ತು ಅವನ ಕೈಗೆ ಹೋಯಿತು. ನಾನೂ ಮಗುವೂ ಹಿಂದಕ್ಕೆ ಬಿದ್ದೆವು.

ಅವನು ಹಸಿರು ತೋಳು ಹಿಡಿದು ನಿಂತಿದ್ದ. ಅದನ್ನೇ ನೋಡುತ್ತಿದ್ದ.

“ಬಿಸಾಕೋ,” ಎಂದರು ಅತ್ತೆ. “ಅದ್ನ ಹಿಡ್ಕೊಂಡ್ ನಿಂತವ್ನೆ. ಬಿಸಾಕಿ ತಲೆಗೆ ನೀರ್ ಉಯ್ಕೊ. ಹಂಗೇ ಕಾರ್ ಅತ್ಬ್ಯಾಡ.”

ಬಾಗಿಲ ಹೊರಗಿನ ಡ್ರಮ್ಮಿನಲ್ಲಿ ಇರುಳೆಲ್ಲ ತಣ್ಣಗಾದ ನೀರಿತ್ತು. ಅವನು ತೋಳು ಬಿಸಾಕಿ, ನನ್ನ ಮಗ್ಗಿನಲ್ಲೇ ಮೊಗೆದು, ಅಂಗಿ ಪ್ಯಾಂಟಿನ ಮೇಲೇ, ತಲೆಗೆ ಹುಯ್ದುಕೊಂಡ. ಸುಡುಗಾಡಿನಿಂದ ಬಂದವರು ಹುಯ್ದುಕೊಳ್ಳುವ ಹಾಗೆ. ಅತ್ತೆ ಅವನ ಬೆನ್ನಿಗೊಂದು ಮಗ್ಗು ಹಾಕಿದರು. ಮಗುವಿನ ಕಡೆ ಇಬ್ಬರೂ ತಿರುಗಲಿಲ್ಲ. ಕಾರು ಹೋಯಿತು.

ಪಕ್ಕದ ಮನೆಯಾಕೆ ಪೊರಕೆ ಹಿಡಿದು ಹೊರಗೆ ಬಂದಳು. “ಏನ್ರೀ ಅಕ್ಕ, ಈ ಚಳೀಲಿ ನಿಮ್ ಭಾವಂಗೆ ಸ್ನಾನ ಮಾಡಿಸಿ ಕಳಿಸಿದ್ರಾ?” ಅಂದವಳು ನನ್ನ ಕಿವಿ ನೋಡಿ ಪೊರಕೆ ಅಲ್ಲೇ ಬಿಟ್ಟಳು. ಒಳಗಿಂದ ಅರಿಶಿನ ತಂದು ಕೊಟ್ಟಳು.

ಬಿದ್ದು ಸತ್ತ ಹೆಂಡತಿಗೆ ಗಂಡಸು ಅಷ್ಟು ಹೆದರುವುದಿಲ್ಲ. ಅವನು ಕೋರ್ಟಿನಲ್ಲಿ ಹೇಳದ್ದನ್ನು ನಮ್ಮ ಬಾಗಿಲಲ್ಲಿ ಹೇಳಿ ಹೋಗಿದ್ದ. ಓಣಿಯಲ್ಲಿ ನಾಲ್ಕು ಜನ ನೋಡಿದ್ದರು.

ಮಗುವಿನ ತೋಳಿನಲ್ಲಿ ಅವನ ಬೆರಳುಗಳು ಕೆಂಪಗೆ ಎದ್ದಿದ್ದವು. “ಚಿಕ್ಕಿ, ನಾನ್ ಹೋಗ್ಬೇಕಾ?” ಎಂದು ಕೇಳಿತು.

“ಬೇಡ.”

“ನಾಳೆ?”

“ನಾಳೆನೂ ಬೇಡ.”

ಎಡೆಯ ದಿನ ಅವರ ಮನೆಯಿಂದ ಯಾರೂ ಬರಲಿಲ್ಲ. ಮಗು ಅವತ್ತು ಶಾಲೆಗೆ ಹೋಯಿತು.