ಅವಳು ತುಳುವಿನಲ್ಲಿ ನಕ್ಕ ದಿನ

ಎಡವಟ್ಟಾಗಲು ಬೇಕಾದಷ್ಟು ದಾರಿಗಳಿದ್ದವು. ಭಾನುವಾರ, ಹಾಗಾಗಿ ಹಳಿ ರಿಪೇರಿಯ ಮೆಗಾಬ್ಲಾಕ್. ನಮ್ಮ ಟಿಟ್ವಾಳಾ ಲೋಕಲ್ ರೈಲು ಕಲ್ಯಾಣದಲ್ಲೇ ನಿಂತುಬಿಡಬಹುದು. ಗದ್ದೆಯ ಬದುವಿನಲ್ಲಿ ಹಾವು. ಹಗ್ಗ ಬಿಚ್ಚಿಕೊಂಡ ಎಮ್ಮೆ. ಹಂದಿ ಬಾರದಿರಲೆಂದು ಬೇಲಿಗೆ ಬಿಟ್ಟ ಕರೆಂಟು. ನನ್ನ ಮಂಡಿ, ನನ್ನ ಬಿಪಿ, ನನ್ನ ಹೊಸ ಶೂ. ಹೆಂಡತಿಗೆ ಬಿಸಿಲಿಗೆ ತಲೆ ಸುತ್ತುವುದು. ಎಲ್ಲಕ್ಕೂ ಮದ್ದು ನನ್ನ ಬೆನ್ನಚೀಲದಲ್ಲಿತ್ತು: ಓಆರ್‌ಎಸ್, ಕ್ರೇಪ್ ಬ್ಯಾಂಡೇಜು, ಸೀಟಿ, ಎರಡು ಟಾರ್ಚು.

“ಹಗಲು ನಡೀಲಿಕ್ಕೆ ಎರಡು ಟಾರ್ಚ್ ಎಂತಕ್ಕೆ ಮಾರಾಯ್ರೆ?” ಎಂದಳು.

“ಒಂದು ಕೆಟ್ರೆ?”

ಕಲ್ಯಾಣದ ನಡಿಗೆ ಬಳಗವೊಂದು ಗದ್ದೆಯ ಬದು, ಗಾಡಿಯ ಜಾಡುಗಳನ್ನೆಲ್ಲ ಜೋಡಿಸಿ ಘಟ್ಟದ ಬುಡದವರೆಗೆ ಐದು ದಿನಗಳ ಕಾಲುದಾರಿ ಮಾಡಿದೆ. ನಮ್ಮಂಥವರು ಮೊದಲ ದಿನದ್ದನ್ನು ಮಾತ್ರ ನಡೆದು, ಸಂಜೆ ಟೆಂಪೋ ಹತ್ತಿ ಸ್ಟೇಷನ್ನಿಗೆ ಮರಳಬಹುದು. ಇಬ್ಬಿಬ್ಬರಾಗಿ ನಡೆಯಬೇಕು. ಆದರೆ ಬಳಗದ ಮುಖಂಡ ಹೊರಡುವಾಗಲೇ ಕೈಯೆತ್ತಿ, “ನವರಾ-ಬಾಯಕೋ ವೇಗಳೇ!” ಎಂದು ಸಾರಿದ. ಗಂಡ ಹೆಂಡತಿ ಬೇರೆ ಬೇರೆ. ಒಟ್ಟಿಗೆ ನಡೆದರೆ ಜಗಳವಾಗಿ ಎಲ್ಲರಿಗೂ ತಡವಾಗುತ್ತದಂತೆ. ನನ್ನ ಪಟ್ಟಿಯಲ್ಲಿ ಇದಿರಲಿಲ್ಲ.

ಅವಳ ಪಾಲಿಗೆ ಬಂದವರು ಕೋಪರಖೈರಣೆಯಲ್ಲಿ ಹೋಟೆಲಿಟ್ಟ ಯಜಮಾನರು. ಅರವತ್ತು ದಾಟಿದೆ, ಹೊಟ್ಟೆ ನನ್ನದಕ್ಕಿಂತ ದೊಡ್ಡದು. ನೆಮ್ಮದಿಯಾಯಿತು. ಆ ನೆಮ್ಮದಿ ಮೊದಲ ಬದು ದಾಟುವ ತನಕ.

“ಊರು ಓಲು?” ಎಂದು ಅವರು ತುಳುವಿನಲ್ಲಿ ಊರು ಕೇಳಿದರು. ಉಡುಪಿ ಕಡೆಯ ನನ್ನ ಹೆಂಡತಿ ನಿಂತೇಬಿಟ್ಟಳು. ಆಮೇಲೆ ಇಬ್ಬರ ಮಾತು ನಿಲ್ಲಲೇ ಇಲ್ಲ.

ನಾನು ಮೈಸೂರಿನವನು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ತುಳು ಕಲಿತಿಲ್ಲ. ಅತ್ತೆ ಅವಳೊಡನೆ ಫೋನಿನಲ್ಲಿ ಆಡುವುದೆಲ್ಲ ಅರ್ಥವಾಗಿಬಿಟ್ಟರೆ ಇನ್ನೇನೇನು ಚಿಂತೆ ಹತ್ತಿಕೊಳ್ಳುತ್ತದೋ ಎಂದು ಬೇಕೆಂದೇ ದೂರವಿದ್ದೆ. ಈಗ ಮುಖಂಡನ ಜೊತೆ ಹಿಂದಿನಿಂದ ನಡೆಯುತ್ತ ಅದರ ಫಲ ಉಣ್ಣುತ್ತಿದ್ದೆ. ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಅವರೆ ಹೂ ಬಿಟ್ಟಿತ್ತು. ಮುಖಂಡ ಅದನ್ನೇ ವರ್ಣಿಸುತ್ತಿದ್ದ. ನನಗೆ ಕಾಣುತ್ತಿದ್ದದ್ದು ಅವಳ ಕೈಗಳು. ಮನೆಯಲ್ಲಿ ಮಾತಾಡುವಾಗ ಅವಳ ಕೈ ಅಷ್ಟು ಆಡುವುದಿಲ್ಲ.

ಇದ್ದಕ್ಕಿದ್ದಂತೆ ಅವಳು ಹೊಟ್ಟೆ ಹಿಡಿದು ಬದುವಿನ ಮೇಲೆ ಕುಕ್ಕರಿಸಿದಳು. ನಾನು ಓಡಿದೆ. ಭಯಕ್ಕಿಂತ ಆಸೆಯೇ ಹೆಚ್ಚಿತ್ತು. ಬ್ಯಾಂಡೇಜು ಆಗಲೇ ಕೈಯಲ್ಲಿತ್ತು.

“ಕಾಲು ಉಳುಕಿತಾ?”

“ಎಂತ ಆಗ್ಲಿಲ್ಲ. ಅದನ್ನು ಒಳಗಿಡಿ,” ಎಂದಳು, ಕಣ್ಣೀರು ಒರೆಸುತ್ತ. ನಗುತ್ತಿದ್ದಳು. ಗಂಟಲಿನ ಬುಡದಿಂದ, ಉಸಿರು ಸಿಗದಂತೆ. ಆ ನಗೆಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಅಕ್ಕ ಭಾರೀ ಜೋರುಂಟು ಭಾವಾ,” ಎಂದರು ಹೋಟೆಲಿನವರು. ಅವಳನ್ನು ಅಕ್ಕನನ್ನಾಗಿ, ನನ್ನನ್ನು ಭಾವನನ್ನಾಗಿ ಮಾಡಿಕೊಂಡು ಹೊಟ್ಟೆಕಿಚ್ಚಿಗಿದ್ದ ಮರ್ಯಾದಸ್ತ ಕಾರಣವನ್ನೂ ಕಿತ್ತುಕೊಂಡರು. ಕಿಚ್ಚು ಮಾತ್ರ ಸಂಜೆಯವರೆಗೂ ಆರಲಿಲ್ಲ. ಬುತ್ತಿ ಬಿಚ್ಚಿದಾಗ ಅವರು ಅವಳ ಪತ್ರೊಡೆ ಹೊಗಳಿದರೆ, ನಾನು ಉಪ್ಪು ಕಡಿಮೆ ಎಂದೆ. ಕಡಿಮೆಯಿರಲಿಲ್ಲ.

ಹಾವು ಬರಲಿಲ್ಲ, ಎಮ್ಮೆ ತಲೆಯೆತ್ತಿಯೂ ನೋಡಲಿಲ್ಲ. ವಾಪಸಿನ ಲೋಕಲ್‌ನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಟಿಟ್ವಾಳಾದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು, ಶಹಾಡ್ ಬರುವಾಗ ಏನೂ ಅಲ್ಲವೆಂಬಂತೆ ಕೇಳಿದೆ: “ಅಷ್ಟೊಂದು ನಗೋಕೆ ಏನಿತ್ತು?”

“ಅದಾ? ಕನ್ನಡದಲ್ಲಿ ಹೇಳಿದ್ರೆ ನಗೆ ಬರ್ಲಿಕ್ಕಿಲ್ಲ.”

“ನನಗೂ ಹೇಳು, ನೋಡೋಣ.”

ಅವಳು ನನ್ನತ್ತ ತಿರುಗಿ ಕೂತಳು. ಕೈಗಳು ಮೇಲೆದ್ದವು. ಚಿಕ್ಕಂದಿನಲ್ಲಿ ಮನೆಗೆ ನೆಂಟರು ಬಂದಿದ್ದರಂತೆ, ಅಜ್ಜಿ ಕೋಳಿ ಹಿಡಿಯಲು ಹೊರಟರಂತೆ, ಕೋಳಿ ಗದ್ದೆಗೆ ಹಾರಿತಂತೆ. ಕಲ್ಯಾಣ ಬಂತು, ಹೋಯಿತು. ನಾನು ನಗಲು ತುಟಿಯನ್ನು ಸಜ್ಜು ಮಾಡಿಕೊಂಡು ಕಾದಿದ್ದೆ. ಈ ಸಲ ತಪ್ಪಿಸಿಕೊಳ್ಳಬಾರದು.

“ಅಜ್ಜಿ ಓಡ್ತಾ ಓಡ್ತಾ ಬದುವಿನಿಂದ ಜಾರಿ ಬಿದ್ರು,” ಎಂದು ಅವಳು ಉಸಿರೆಳೆದುಕೊಳ್ಳಲು ನಿಲ್ಲಿಸಿದಳು.

ನಾನು ಹೋ ಎಂದು ನಕ್ಕೆ. ಎದುರಿನ ಸೀಟಿನವರು ಬೆಚ್ಚಿ ನೋಡಿದರು.

“ಅಲ್ಲಿ ಅಜ್ಜಿಯ ಕಾಲು ಮುರಿದದ್ದು,” ಎಂದಳು ಅವಳು. “ಅದಕ್ಕೆ ಎಂತ ನಗುದು? ನಗುದು ಅದರ ನಂತರ.”

“ನಂತರ ಏನಾಯ್ತು?”

ಅವಳ ಕೈಗಳು ಮಡಿಲಿಗೆ ಇಳಿದಿದ್ದವು. “ನಂತರ ಡೊಂಬಿವಲಿ ಬಂತು. ಏಳಿ, ಇಳಿಯುವ.”