ಎರಡೂ ಕೈ ನೋಡುವ ನಾಜಿಯಾ

ಕೆರ್ಕೆನ್ನಾ ದ್ವೀಪದಿಂದ ಬರುವ ದಿನದ ಮೊದಲ ಹಡಗು ಸ್ಫಾಕ್ಸ್ ಬಂದರನ್ನು ಇನ್ನೂ ತಲುಪಿಲ್ಲ. ಊರಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಆಗಷ್ಟೇ ಪಾಳಿಗೆ ಬಂದ ಶುಶ್ರೂಷಕಿ ನಾಜಿಯಾ ಗರ್ಗೂರಿ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿರುವ ವೃದ್ಧರ ಹಣೆ ಒರೆಸುತ್ತಿದ್ದಾರೆ. ಒರೆಸಿದಷ್ಟೂ ಬೆವರು. ಗಂಟಲಲ್ಲಿ ಉಸಿರಾಟದ ಕೊಳವೆಯಿದ್ದರೂ ವೃದ್ಧರು ಆಕಳಿಸಲು ಬಾಯಿ ತೆರೆಯುತ್ತಾರೆ. ಹೊದಿಕೆಯ ಹೊರಗಿರುವ ಬಲಗೈಯಲ್ಲಿ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳನ್ನು ತಟ್ಟುತ್ತಲೇ ಇದೆ.

ಇವರು ಕೆರ್ಕೆನ್ನಾದ ಮೀನುಗಾರ ಹಾಜಿ ಶಾಧ್ಲಿ. ನ್ಯುಮೋನಿಯಾ ಉಲ್ಬಣಿಸಿ ಎರಡು ವಾರದಿಂದ ಕೃತಕ ಉಸಿರಾಟದಲ್ಲಿದ್ದಾರೆ. ಕೊಳವೆಯನ್ನು ಸಹಿಸಿಕೊಳ್ಳಲೆಂದು ನೋವುಶಾಮಕ ಮತ್ತು ನಿದ್ರೆಯ ಔಷಧಗಳನ್ನು ಎಡೆಬಿಡದೆ ರಕ್ತನಾಳಕ್ಕೆ ಹರಿಸಲಾಗಿತ್ತು. ಶ್ವಾಸಕೋಶ ಚೇತರಿಸಿಕೊಂಡದ್ದರಿಂದ ನಿನ್ನೆ ಬೆಳಿಗ್ಗೆ ಎರಡನ್ನೂ ಅರ್ಧಕ್ಕೆ ಇಳಿಸಿದ್ದಾರೆ. ಸಂಜೆ ಬೆರಳು ಆಡತೊಡಗಿತು. ಗಾಜಿನಾಚೆ ನಿಂತಿದ್ದ ಹೆಂಡತಿ ಮಬ್ರೂಕಾ, "ನೋಡ್ರೇ, ಹಾಜಿ ದೇವರ ನಾಮ ಎಣಿಸ್ತಿದಾರೆ!" ಎಂದು ಕೂಗಿ ಮೊಗಸಾಲೆಯಲ್ಲಿದ್ದವರಿಗೆಲ್ಲ ಖರ್ಜೂರ ಹಂಚಿದರು. ಮನೆಗೆ ಹೊರಟಿದ್ದ ನಾಜಿಯಾ ಕೂಡ ಒಂದನ್ನು ಸಂತೋಷದಿಂದಲೇ ತಿಂದರು.

ಊರಂಚಿನ ಉಪ್ಪಿನ ಗದ್ದೆಗಳಲ್ಲಿ ದುಡಿದವರ ಮಗಳು ನಾಜಿಯಾ. ಇಪ್ಪತ್ತೊಂದು ವರ್ಷ ಇದೇ ಘಟಕದಲ್ಲಿ ನಿಂತು ಕಾಲಿನ ನರಗಳು ಉಬ್ಬಿವೆ. ಒಬ್ಬರ ಪಾಲಿಗೆ ಇಬ್ಬರು ರೋಗಿಗಳೆಂಬುದು ನಿಯಮ. ಮೂವರಿಲ್ಲದ ದಿನ ಅಪರೂಪ. "ನಮ್ಮನೇಲಿ ಇವತ್ತಿಗೂ ನಾನು ಸೂಜಿ ಚುಚ್ಚೋಳು, ಅಷ್ಟೇ," ಎಂದು ನಗುತ್ತಾರೆ. "ಅರ್ಧ ಕೆಲಸ ಬರೀ ನೋಡೋದು ಅಂದ್ರೆ ನಮ್ಮಣ್ಣ, ಹಾಗಾದ್ರೆ ಅರ್ಧ ಸಂಬಳ ತಗೋ ಅಂತಾನೆ."

ವೈದ್ಯ ಲಸ್ಸಾದ್ ಬಂದು ನಾಡಿ ನೋಡುತ್ತಾರೆ. ವೇಗ ಹೆಚ್ಚಿದೆ. ಬೆವರು, ಚಡಪಡಿಕೆ ಹೊಸ ಸೋಂಕಿನಿಂದಲೂ ಬರಬಹುದು, ನೋವಿನಿಂದಲೂ ಬರಬಹುದು, ಔಷಧ ಬೇಗ ಇಳಿದದ್ದರಿಂದಲೂ ಬರಬಹುದು. ಇದೇ ಎಂದು ಹೇಳುವ ರಕ್ತಪರೀಕ್ಷೆಯಿಲ್ಲ. "ಮತ್ತೆ ಪೂರ್ತಿ ಮಲಗಿಸಿಬಿಟ್ರೆ ಕೊಳವೆ ಇನ್ನೊಂದು ವಾರ ಉಳಿಯುತ್ತೆ ನಾಜಿಯಾ. ಈ ಎದೆ ಅಷ್ಟು ತಡೆಯಲ್ಲ," ಎನ್ನುತ್ತಾರೆ.

ನಾಜಿಯಾ ಹೊದಿಕೆ ಸರಿಸುತ್ತಾರೆ. ಒಳಗೆ ಎಡಗೈಯೂ ಅದೇ ಲಯದಲ್ಲಿ ಆಡುತ್ತಿದೆ.

ಅಷ್ಟರಲ್ಲಿ ಹಡಗಿಳಿದ ಮಬ್ರೂಕಾ ಬಂದಿದ್ದಾರೆ. ನಾಜಿಯಾ ಬಾಗಿಲಿಗೆ ಹೋಗುತ್ತಾರೆ.

"ಖಾಲಾ, ಹಾಜಿ ಎಡಗೈಯಲ್ಲೂ ನಾಮ ಎಣಿಸ್ತಾರಾ?"

"ಹುಚ್ಚಿ! ಎಡಗೈಯಲ್ಲಿ ಬಲೆ ಹಿಡೀತಾರೆ. ದೇವರ ಲೆಕ್ಕ ಯಾವತ್ತೂ ಬಲಗೈಯಲ್ಲೇ."

"ಮನೇಲಿ ನಿದ್ದೆ ಗುಳಿಗೆ ಏನಾದ್ರೂ?"

"ದೋಣಿಯಲ್ಲೇ ಗೊರಕೆ ಹೊಡೆಯೋ ಮನುಷ್ಯನಿಗೆ ಗುಳಿಗೆ ಯಾಕೆ?" ಎಂದ ಮಬ್ರೂಕಾ ತಟ್ಟನೆ ನಾಜಿಯಾರ ಕೈ ಹಿಡಿಯುತ್ತಾರೆ. "ಯಾಕೇ ಕೇಳ್ತಿದೀಯ? ಅದು ಎಣಿಸ್ತಿರೋದಲ್ವಾ?"

"ಅಲ್ಲ ಖಾಲಾ. ಮೈಗೆ ಔಷಧ ರೂಢಿಯಾಗಿತ್ತು, ಒಮ್ಮೆಲೇ ಕಡಿಮೆಯಾಗಿ ನಡುಗ್ತಿರೋ ಹಾಗಿದೆ."

ಮಬ್ರೂಕಾ ಬೆಂಚಿನ ಮೇಲೆ ಕುಳಿತುಬಿಡುತ್ತಾರೆ.

ನಡುಕ ಎರಡೂ ಕೈಯಲ್ಲಿದೆ, ಕಣ್ಣಿನ ಪಾಪೆ ಅಗಲವಾಗಿದೆ, ಭೇದಿಯಾಗಿದೆ, ಎಲ್ಲವೂ ಔಷಧ ಇಳಿಸಿದ ಮೇಲೆ. ಲಸ್ಸಾದ್ ಸೋಂಕಿನ ಪರೀಕ್ಷೆಗೆ ರಕ್ತ ಕಳಿಸುತ್ತಾರೆ, ಸಕ್ಕರೆ ನೋಡಿಸುತ್ತಾರೆ, ಬಳಿಕ ಇಳಿಸಿದ್ದರಲ್ಲಿ ಒಂದು ಪಾಲನ್ನಷ್ಟೇ ಮರಳಿ ಏರಿಸುತ್ತಾರೆ. ಮಧ್ಯಾಹ್ನಕ್ಕೆ ಬೆವರು ಆರುತ್ತದೆ, ನಾಡಿ ಇಳಿಯುತ್ತದೆ. ಊಹೆಗೆ ಬಲ ಬರುತ್ತದೆ. ಇನ್ನು ದಿನಕ್ಕಿಷ್ಟೆಂದು ನಿಧಾನವಾಗಿ ಇಳಿಸಬೇಕು. ಗಾಜಿನಾಚೆಯಿಂದ ಮಬ್ರೂಕಾ ನಿಶ್ಚಲವಾದ ಬೆರಳುಗಳನ್ನೇ ನೋಡುತ್ತಾರೆ.

"ನಿಲ್ಲಿಸಿಬಿಟ್ಯಲ್ಲೇ ಮಗಳೇ."

ಹೊರಬಂದಿದ್ದ ನಾಜಿಯಾ ಅವರನ್ನು ಬೆಂಚಿಗೆ ಕರೆದೊಯ್ದು ಪಕ್ಕದಲ್ಲಿ ಕೂರುತ್ತಾರೆ.

ರಕ್ತದಲ್ಲಿ ಸೋಂಕು ಕಾಣುವುದಿಲ್ಲ. ಐದನೆಯ ದಿನ ಕೊಳವೆ ಹೊರಬರುತ್ತದೆ. ಮಬ್ರೂಕಾ ಗಂಡನ ಬಲಗೈಯಲ್ಲಿ ಜಪಮಣಿ ಇಡುತ್ತಾರೆ. ಶಾಧ್ಲಿ ಅದನ್ನೊಮ್ಮೆ ನೋಡಿ, ಮೆಲ್ಲನೆ ಬೆರಳು ಬಿಡಿಸಿ ಹಾಸಿಗೆಯ ಮೇಲಿಟ್ಟು, ಹರಿದ ದನಿಯಲ್ಲಿ ಕೇಳುತ್ತಾರೆ: "ಆಕ್ಟೋಪಸ್ ಹಾಕಿದ ಕುಸ್‌ಕುಸ್ ತಂದ್ಯಾ?"

"ಸತ್ತು ಬದುಕಿದೀರಿ, ದೇವರನ್ನ ನೆನೀರಿ ಅಂದ್ರೆ ಹೊಟ್ಟೆ ನೆನೀತೀರಲ್ಲ!" ಮಬ್ರೂಕಾ ಅಳುತ್ತ ಬೈಯುತ್ತಾರೆ.

ನಾಜಿಯಾ ಆಗಲೇ ಪಕ್ಕದ ಹಾಸಿಗೆಯ ಹೊದಿಕೆ ಸರಿಸುತ್ತಿದ್ದಾರೆ. ಹಾಜಿಗೆ ಏನು ಬಯಸುತ್ತೀರಿ ಎಂದು ಕೇಳಿದರೆ ತಲೆಯೆತ್ತದೆ ಹೇಳುತ್ತಾರೆ: "ಮನೆಗೆ ಹೋದ್ಮೇಲೆ ಎಣಿಸ್ಲಿ, ಬಿಡ್ಲಿ. ಬೆರಳು ಅವರ ಮಾತು ಕೇಳಿದ್ರೆ ಸಾಕು."